ಎನ್900 ಕೈಯಲ್ಲಿದೆ, ಮುಂದೇನು? 2010ರ ಒಂದು ಟೂಲ್‌ಕಿಟ್ ಆಯ್ಕೆಯ ಪ್ರಕರಣ

2010ರ ಮಾರ್ಚ್ ತಿಂಗಳು. ನೀವು ನೋಕಿಯಾ ಎನ್900 ಫೋನಿಗೆ ಒಂದು ಆ್ಯಪ್ ಬರೆದಿದ್ದೀರಿ. ಟಿಪ್ಪಣಿ ಬರೆದಿಟ್ಟುಕೊಳ್ಳುವ, ಸರ್ವರ್ ಜೊತೆ ಸಿಂಕ್ ಆಗುವ ಸಾಧಾರಣ ಆ್ಯಪ್ ಅಂದುಕೊಳ್ಳಿ. ಸಿ ಭಾಷೆಯಲ್ಲಿ ಸುಮಾರು ಹನ್ನೆರಡು ಸಾವಿರ ಸಾಲು. ಪರದೆಯ ಮೇಲೆ ಕಾಣುವುದೆಲ್ಲ ಜಿಟಿಕೆ (ಬಟನ್, ಪಟ್ಟಿ, ವಿಂಡೋಗಳನ್ನು ಸಿದ್ಧವಾಗಿ ಕೊಡುವ ಕೋಡಿನ ಕಟ್ಟು, ಅಂದರೆ ಟೂಲ್‌ಕಿಟ್), ಮತ್ತು ಅದರ ಮೇಲೆ ನೋಕಿಯಾ ಕಟ್ಟಿದ ಹಿಲ್ಡನ್. ಬಳಸುವವರು ಇದ್ದಾರೆ, ಬಗ್ ಹಿಡಿದು ಬೈಯುವವರೂ ಇದ್ದಾರೆ. ಹೋದ ತಿಂಗಳು ನೋಕಿಯಾ ಒಂದು ಘೋಷಣೆ ಮಾಡಿದೆ. ನಿಮ್ಮ ಫೋನಿನ ಓಎಸ್‌ಗೆ ಇನ್ನು ಮುಂದೆ ಬೇರೆ ಹೆಸರು, ಬೇರೆ ಪಾಲುದಾರರು, ಬೇರೆ ಟೂಲ್‌ಕಿಟ್. ಈಗ ಏನು ಮಾಡುತ್ತೀರಿ?

ಈ ಆ್ಯಪ್ ಒಂದು ಕಲ್ಪನೆ. ಉಳಿದದ್ದೆಲ್ಲ ನಡೆದದ್ದೇ. ಈ ಪ್ರಕರಣ ನೋಡುವಾಗ ನಾನು ಹಾಕಿಕೊಂಡಿರುವ ನಿಯಮ ಒಂದೇ: ಅವತ್ತು ಗೊತ್ತಿದ್ದದ್ದನ್ನು ಇಟ್ಟುಕೊಂಡು ಮಾತ್ರ ಆಯ್ಕೆ ಮಾಡಬೇಕು. ಮುಂದೆ ಏನಾಯಿತು ಅಂತ ನಮಗೆ ಈಗ ಗೊತ್ತು, ಅದನ್ನಿಟ್ಟುಕೊಂಡು ಜಾಣರಾಗುವುದು ಸುಲಭ ಅಲ್ವಾ.

ಅವತ್ತು ಗೊತ್ತಿದ್ದದ್ದು

ನೋಕಿಯಾ 2005ರ ಕೊನೆಯಲ್ಲಿ 770 ಎಂಬ ಇಂಟರ್ನೆಟ್ ಟ್ಯಾಬ್ಲೆಟ್ ಬಿಟ್ಟಿತು. ಅದರೊಳಗೆ ಡೆಬಿಯನ್ ಲಿನಕ್ಸ್ ಮೂಲದ ಮೇಮೊ ಎಂಬ ಓಎಸ್ ಇತ್ತು. ಆಮೇಲೆ ಎನ್800, ಎನ್810, 2009ರ ನವೆಂಬರ್‌ನಲ್ಲಿ ಎನ್900. ಎಲ್ಲದರಲ್ಲೂ ಜಿಟಿಕೆ. ಬೆರಳಿನಿಂದ ಸರಿಸುವ ಪಟ್ಟಿ, ಒಂದರ ಮೇಲೊಂದು ಕೂರುವ ವಿಂಡೋ, ಇಂಥವೆಲ್ಲ ಜಿಟಿಕೆಯಲ್ಲಿ ಇರಲಿಲ್ಲವಾದ್ದರಿಂದ ನೋಕಿಯಾ ಅವನ್ನು ಹಿಲ್ಡನ್ ಅನ್ನುವ ಪದರವಾಗಿ ಮೇಲೆ ಹೊದಿಸಿತು.

ಈ ನಡುವೆ 2008ರಲ್ಲಿ ನೋಕಿಯಾ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯನ್ನು ಸುಮಾರು 15 ಕೋಟಿ ಡಾಲರ್‌ಗೆ ಕೊಂಡಿತ್ತು. ಕ್ಯೂಟಿ ಟೂಲ್‌ಕಿಟ್ ಅವರದ್ದು. ('ಕ್ಯೂಟ್' ಅಂತ ಓದಬೇಕು ಅನ್ನುತ್ತಾರೆ ಅದನ್ನು ಮಾಡಿದವರು. ಹಾಗೆ ಓದುವವರು ಕಡಿಮೆ.) 2009ರ ಮಾರ್ಚ್‌ನಲ್ಲಿ ಕ್ಯೂಟಿ 4.5 ಎಲ್‌ಜಿಪಿಎಲ್ ಲೈಸೆನ್ಸ್‌ನಲ್ಲಿ ಬಂತು. ಅಂದರೆ ತಮ್ಮ ಕೋಡ್ ಹೊರಗೆ ತೋರಿಸದೆ ಆ್ಯಪ್ ಬರೆಯುವವರೂ ಹಣ ಕೊಡದೆ ಬಳಸಬಹುದು. ಅದೇ ವರ್ಷದ ಜುಲೈನಲ್ಲಿ ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪದಲ್ಲಿ ನಡೆದ ಡೆಸ್ಕ್‌ಟಾಪ್ ಸಮಾವೇಶದಲ್ಲಿ ನೋಕಿಯಾ ವಿಷಯ ಬಿಚ್ಚಿತು: ಮೇಮೊದ ಮುಂದಿನ ಆವೃತ್ತಿ ಹಾರ್ಮಟ್ಟನ್ ಕ್ಯೂಟಿಯಲ್ಲಿರುತ್ತದೆ, ಜಿಟಿಕೆ ಮತ್ತು ಹಿಲ್ಡನ್ ಸಮುದಾಯದ ಪಾಲಿಗೆ.

ಇಲ್ಲೊಂದು ತಮಾಷೆ ನೋಡಿ. ಈ ಮಾತು ಬಂದದ್ದು ಎನ್900 ಅಂಗಡಿಗೆ ಬರುವ ಮೊದಲು. ಹಿಲ್ಡನ್‌ನ ಅತಿ ಒಳ್ಳೆಯ ಆವೃತ್ತಿ ಹುಟ್ಟುವ ಮೊದಲೇ ಅದರ ಸಾವಿನ ಸುದ್ದಿ ಹೊರಬಿದ್ದಿತ್ತು. ಹೊಸದಾಗಿ ಎನ್900 ಕೊಂಡು ಆ್ಯಪ್ ಬರೆಯಲು ಕೂತವರು ಸಾಯಲಿರುವ ಟೂಲ್‌ಕಿಟ್ ಕಲಿಯುತ್ತಿದ್ದರು, ಅದೂ ಗೊತ್ತಿದ್ದೇ. ಬೇರೆ ದಾರಿ ಇರಲಿಲ್ಲ, ಆ ಫೋನಿನ ಮೇಲೆ ಚೆನ್ನಾಗಿ ಕಾಣುತ್ತಿದ್ದದ್ದು ಅದೊಂದೇ.

ಕೊನೆಗೆ 2010ರ ಫೆಬ್ರವರಿ 15, ಬಾರ್ಸಿಲೋನಾದ ಮೊಬೈಲ್ ಸಮ್ಮೇಳನ. ಇಂಟೆಲ್‌ನ ಲಿನಕ್ಸ್ ಓಎಸ್ ಮಾಬ್ಲಿನ್ ಮತ್ತು ನೋಕಿಯಾದ ಮೇಮೊ ಎರಡನ್ನೂ ಸೇರಿಸಿ ಮೀಗೊ ಮಾಡುತ್ತೇವೆ, ಲಿನಕ್ಸ್ ಫೌಂಡೇಶನ್ ಅದನ್ನು ನೋಡಿಕೊಳ್ಳುತ್ತದೆ, ಆ್ಯಪ್‌ಗಳಿಗೆ ಕ್ಯೂಟಿ ಅಂತ ಹೇಳಿದರು. ಮಾಬ್ಲಿನ್ ಅಲ್ಲಿಯವರೆಗೆ ಕ್ಲಟರ್ ಎಂಬ ಮೂರನೆಯದೇ ಒಂದು ಟೂಲ್‌ಕಿಟ್ ಬಳಸುತ್ತಿತ್ತು. ಆ್ಯಪ್‌ಗಳನ್ನು ಕಟ್ಟಿ ಹಂಚಲು ಮೇಮೊ ಡೆಬ್ ಬಗೆಯ ಪ್ಯಾಕೇಜ್ ಬಳಸುತ್ತಿದ್ದರೆ ಮೀಗೊ ಆರ್‌ಪಿಎಂ ಅಂದಿತು, ಆದರೆ ಹಾರ್ಮಟ್ಟನ್ ಮಾತ್ರ ಡೆಬ್‌ನಲ್ಲೇ ಉಳಿಯಿತು. ಹೆಸರು ಒಂದು, ಒಳಗಿನ ಸಾಮಾನು ಎರಡು. ಇಂಥ ಸಣ್ಣ ವಿಷಯಗಳನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ನನ್ನ ಪ್ರಕಾರ ದೊಡ್ಡ ಭಾಷಣಗಳಿಗಿಂತ ಇವೇ ಜಾಸ್ತಿ ಸತ್ಯ ಹೇಳುತ್ತವೆ: ಒಂದೇ ಪ್ಲಾಟ್‌ಫಾರ್ಮ್ ಅಂತ ಹೇಳಿಕೊಳ್ಳುವವರು ಪ್ಯಾಕೇಜ್ ಯಾವ ಬಗೆಯದ್ದು ಅನ್ನುವುದನ್ನೂ ಒಟ್ಟಾಗಿ ತೀರ್ಮಾನಿಸಿಲ್ಲ ಅಂದರೆ, ಇನ್ನೂ ಏನೂ ಸೇರಿಲ್ಲ ಅಂತಲೇ ಅರ್ಥ.

ಮೇಜಿನ ಮೇಲಿದ್ದ ಆಯ್ಕೆಗಳು

ಮೊದಲನೆಯದು, ಹಿಲ್ಡನ್‌ನಲ್ಲೇ ಉಳಿಯುವುದು. ಇದನ್ನು ಸೋಮಾರಿತನ ಅನ್ನಬೇಡಿ. ಬಳಸುವವರು ಇವತ್ತು ಹಿಡಿದಿರುವುದು ಎನ್900. ಮೀಗೊ ಫೋನ್ ಒಂದೂ ಇಲ್ಲ, ಯಾವಾಗ ಬರುತ್ತದೆ ಅಂತ ಹೇಳುವವರೂ ಇಲ್ಲ.

ಎರಡನೆಯದು, ಕ್ಯೂಟಿಗೆ ಹೋಗುವುದು. ಎಲ್ಲರೂ ಹೇಳುತ್ತಿದ್ದದ್ದು ಇದನ್ನೇ. ಆದರೆ ಮಾರ್ಚ್‌ನಲ್ಲಿ ಎನ್900ಗೆ ಅಧಿಕೃತ ಕ್ಯೂಟಿ 4.6 ಇನ್ನೂ ಬಂದಿರಲಿಲ್ಲ. ಬಂದದ್ದು ಮೇ ಕೊನೆಯ ಪಿಆರ್ 1.2 ಅಪ್‌ಡೇಟ್ ಜೊತೆ. ಅಷ್ಟರವರೆಗೆ ಆ್ಯಪ್ ಹಾಕಿಕೊಳ್ಳುವವರು ಕ್ಯೂಟಿಯನ್ನೂ ಜೊತೆಗೆ ಇಳಿಸಿಕೊಳ್ಳಬೇಕು.

ಮೂರನೆಯದು, ಎಚ್‌ಟಿಎಂಎಲ್, ಅಂದರೆ ಆ್ಯಪನ್ನು ವೆಬ್ ಪುಟದಂತೆ ಬರೆಯುವುದು. ಎಲ್ಲ ಕಾಲದಲ್ಲೂ ಯಾರಾದರೊಬ್ಬರು ಇದನ್ನು ಹೇಳುತ್ತಾರೆ. 600 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ್‍ಯಾಮ್ ಇರುವ ಫೋನಿನಲ್ಲಿ ಒಂದು ಪಟ್ಟಿ ಸರಾಗವಾಗಿ ಸರಿಯಬೇಕಾದರೆ ಅವತ್ತಿಗೆ ಇದು ದಾರಿಯಲ್ಲ. ಮುಂದಕ್ಕೆ ಹೋಗೋಣ.

ನಾಲ್ಕನೆಯದು ಪ್ಲಾಟ್‌ಫಾರ್ಮನ್ನೇ ಬಿಟ್ಟು ಆಂಡ್ರಾಯ್ಡ್‌ಗೆ ಹೋಗುವುದು. ಹೊಟ್ಟೆಪಾಡಿಗೆ ಆ್ಯಪ್ ಬರೆಯುವವರಾದರೆ ಅವತ್ತೇ ಇದು ಸರಿಯಾದ ಉತ್ತರ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ನಮ್ಮ ಈ ಆ್ಯಪ್ ಬರೆದವರು ಎನ್900 ಕೊಂಡದ್ದೇ ಅದರಲ್ಲಿ ಟರ್ಮಿನಲ್ ಇದೆ, ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕಿಕೊಳ್ಳುವ ಆಪ್ಟ್-ಗೆಟ್ ಓಡುತ್ತದೆ ಅಂತ. ಅವರು ಎಲ್ಲಿಗೂ ಹೋಗುವವರಲ್ಲ.

ಹಾಗಾದರೆ ಉಳಿದದ್ದು ಹಿಲ್ಡನ್ ಅಥವಾ ಕ್ಯೂಟಿ. ಪ್ರಶ್ನೆ ಸಣ್ಣದಾಯಿತು ಅನ್ನಿಸುತ್ತದೆ. ಅಲ್ಲ, ಇಲ್ಲಿಂದಲೇ ದೊಡ್ಡದಾಗುತ್ತದೆ.

ಯಾವ ಕ್ಯೂಟಿ?

'ಕ್ಯೂಟಿಗೆ ಹೋಗಿ' ಅಂದವರನ್ನು ಯಾವ ಕ್ಯೂಟಿ ಅಂತ ಕೇಳಿದ್ದರೆ ಆಗ ಕನಿಷ್ಠ ನಾಲ್ಕು ಉತ್ತರ ಸಿಗುತ್ತಿತ್ತು.

ಹಳೆಯ ಕ್ಯೂವಿಜೆಟ್ ಇತ್ತು. ಡೆಸ್ಕ್‌ಟಾಪ್‌ಗೆ ಹುಟ್ಟಿದ್ದು, ಮೌಸ್ ಮತ್ತು ಕೀಬೋರ್ಡ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಎನ್900ಗಾಗಿ ನೋಕಿಯಾ ಅದಕ್ಕೆ ಹಿಲ್ಡನ್ ಬಣ್ಣ ಬಳಿದು, ಬೆರಳಿಗೆ ಸರಿಯುವ ಪಟ್ಟಿ ಸೇರಿಸಿ ಕೊಟ್ಟಿತು. ಕೆಲಸ ನಡೆಯುತ್ತಿತ್ತು.

ಇನ್ನೊಂದು ಡಿಯುಐ, ಅಂದರೆ ಡೈರೆಕ್ಟ್ ಯುಐ. ಹಾರ್ಮಟ್ಟನ್ ತಂಡ ಕ್ಯೂಟಿಯ ಗ್ರಾಫಿಕ್ಸ್ ವ್ಯೂ ಎಂಬ ಚಿತ್ರ ಬಿಡಿಸುವ ಭಾಗದ ಮೇಲೆ ಕಟ್ಟುತ್ತಿದ್ದ ಹೊಸ ವಿಜೆಟ್ ಸೆಟ್ (ಬಟನ್, ಪಟ್ಟಿ ಮುಂತಾದವುಗಳ ಕಟ್ಟು) ಇದು. ಮೀಗೊ ಬಂದಮೇಲೆ ಇದಕ್ಕೆ ಮೀಗೊ ಟಚ್ ಫ್ರೇಮ್‌ವರ್ಕ್ ಅಂತ ಹೆಸರಾಯಿತು. ಕೋಡಿನಲ್ಲಿ ಡಿಯುಐ ಅಂತ ಶುರುವಾಗುತ್ತಿದ್ದ ಕ್ಲಾಸ್ ಹೆಸರುಗಳೆಲ್ಲ ಬರೀ ಎಂ ಅಕ್ಷರಕ್ಕೆ ಬದಲಾದವು. ಒಂದು ಫೋನೂ ಮಾರಾಟಕ್ಕೆ ಬರುವ ಮೊದಲು ಎಲ್ಲ ಕ್ಲಾಸ್‌ಗೂ ಮರುನಾಮಕರಣ!

ಮೂರನೆಯದು ಆರ್ಬಿಟ್. ಅದೇ ನೋಕಿಯಾದಲ್ಲಿ ಸಿಂಬಿಯನ್ ಎಂಬ ಇನ್ನೊಂದು ಫೋನ್ ಓಎಸ್ ಕಡೆಯವರು ಅದೇ ಗ್ರಾಫಿಕ್ಸ್ ವ್ಯೂ ಮೇಲೆ ತಮ್ಮದೇ ಬೇರೆ ವಿಜೆಟ್ ಸೆಟ್ ಕಟ್ಟುತ್ತಿದ್ದರು. ಅವರ ಕ್ಲಾಸ್ ಹೆಸರುಗಳು ಎಚ್‌ಬಿ ಅಂತ ಶುರು. ಡಿಯುಐನ ಬಟನ್ ಆರ್ಬಿಟ್‌ಗೆ ಆಗುವುದಿಲ್ಲ, ಆರ್ಬಿಟ್‌ನ ಬಟನ್ ಡಿಯುಐಗೆ ಆಗುವುದಿಲ್ಲ. ಒಂದೇ ಮನೆಯಲ್ಲಿ ಎರಡು ಒಲೆ.

ನಾಲ್ಕನೆಯದು ಕ್ಯೂಎಂಎಲ್. ಅದು ಇನ್ನೂ ಪ್ರಯೋಗದ ಹಂತದಲ್ಲಿತ್ತು, ಬಿಡುಗಡೆಯಾದದ್ದು ಸೆಪ್ಟೆಂಬರ್‌ನ ಕ್ಯೂಟಿ 4.7 ಜೊತೆ. ಪರದೆಯನ್ನು ಸಿ++ನಲ್ಲಿ ಕಟ್ಟುವ ಬದಲು ಒಂದು ಪುಟ್ಟ ಭಾಷೆಯಲ್ಲಿ ಇಂಥದ್ದು ಇಲ್ಲಿದೆ, ಇದು ಬದಲಾದರೆ ಅದೂ ಬದಲಾಗಲಿ ಅಂತ ಬರೆಯುವ ವಿಧಾನ. ಶುರುವಿನಲ್ಲಿ ಅದರಲ್ಲಿ ಸಿದ್ಧ ಬಟನ್ ಕೂಡ ಇರಲಿಲ್ಲ. ಒಂದು ಚೌಕ ಬರೆದು, ಅದರೊಳಗೆ ಅಕ್ಷರ ಇಟ್ಟು, ಮುಟ್ಟಿದರೆ ಬಣ್ಣ ಬದಲಾಗುವಂತೆ ಮಾಡಿ, ಇಗೋ ಬಟನ್ ಅಂತ ನೀವೇ ಹೇಳಿಕೊಳ್ಳಬೇಕಿತ್ತು.

ಈ ನಾಲ್ಕರಲ್ಲಿ ಯಾವುದು ಅಧಿಕೃತವಾಗಿ 'ಮೀಗೊ ಫೋನಿನ ಟೂಲ್‌ಕಿಟ್'? ಮಾರ್ಚ್ 2010ರಲ್ಲಿ ಉತ್ತರ ಸ್ಪಷ್ಟವಾಗಿತ್ತು: ಡಿಯುಐ. ದಾಖಲೆ ಓದಿ, ಹೇಳಿದ ಮಾತು ಕೇಳಿ, ಶಿಸ್ತಿನಿಂದ ನಡೆದುಕೊಳ್ಳುವ ಡೆವಲಪರ್ ಅದನ್ನೇ ಆರಿಸುತ್ತಿದ್ದರು. ಅತಿ ಜಾಸ್ತಿ ಕಳೆದುಕೊಂಡದ್ದೂ ಅದೇ ಆಯ್ಕೆ.

ಯಾಕೆ ಅಂತ ನೋಡಲು ಯಾವುದರ ಹೊಣೆ ಯಾರ ತಲೆ ಮೇಲಿದೆ ಅನ್ನುವುದನ್ನು ನೋಡಬೇಕು. ಕ್ಯೂಟಿಯ ತಳಭಾಗಕ್ಕೆ ನೋಕಿಯಾದ ಹೊರಗೆ ಬದುಕಿತ್ತು. ಕೆಡಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪ್ ಪೂರ್ತಿ ಅದರ ಮೇಲೆ ನಿಂತಿತ್ತು, ವಿಎಲ್‌ಸಿ, ಗೂಗಲ್ ಅರ್ಥ್, ಲಿನಕ್ಸ್‌ನ ಸ್ಕೈಪ್ ಎಲ್ಲ ಕ್ಯೂಟಿಯವೇ. ಅಷ್ಟೇ ಅಲ್ಲ, ಕೆಡಿಇಯವರು 1998ರಲ್ಲೇ ಟ್ರೋಲ್‌ಟೆಕ್ ಜೊತೆ ಒಂದು ಒಪ್ಪಂದ ಬರೆಸಿಕೊಂಡಿದ್ದರು. ಕ್ಯೂಟಿಯ ಮುಕ್ತ ಆವೃತ್ತಿಯನ್ನು ಮಾಲೀಕರು ಹನ್ನೆರಡು ತಿಂಗಳು ಬಿಡುಗಡೆ ಮಾಡದೆ ಕೂತರೆ, ಅದನ್ನು ಬಿಎಸ್‌ಡಿ ಬಗೆಯ ಲೈಸೆನ್ಸ್‌ನಲ್ಲಿ ಹೊರಗೆ ಬಿಡುವ ಹಕ್ಕು ಇದಕ್ಕಾಗಿಯೇ ಮಾಡಿದ ಫೌಂಡೇಶನ್‌ಗೆ ಬರುತ್ತದೆ. ಮಾಲೀಕರು ಬದಲಾದರೂ ಆ ಒಪ್ಪಂದ ಉಳಿಯಿತು. ಅಂದರೆ ನೋಕಿಯಾ ನಾಳೆ ಕೈಬಿಟ್ಟರೆ ಏನು ಅನ್ನುವ ಪ್ರಶ್ನೆಗೆ ಬೇರೆ ಯಾರೋ ಹನ್ನೆರಡು ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದರು.

ಡಿಯುಐಗೆ ಇಂಥ ಯಾರೂ ಇರಲಿಲ್ಲ. ಅದರ ಕೋಡ್ ಮುಕ್ತವಾಗಿತ್ತು, ನಿಜ. ಆದರೆ ಅದನ್ನು ಬೇಕು ಅನ್ನುವ ಬೇರೆ ಯೋಜನೆ ಒಂದೂ ಇರಲಿಲ್ಲ. ಕೋಡ್ ಮುಕ್ತವಾಗಿದೆಯಾ ಅನ್ನುವುದು ಒಂದು ಪ್ರಶ್ನೆ, ಕಂಪನಿ ಕೈಬಿಟ್ಟ ಮಾರನೆಯ ದಿನ ಅದರ ಬಗ್ ಸರಿಮಾಡಲು ಯಾರಿಗಾದರೂ ಸ್ವಂತ ಕಾರಣ ಇದೆಯಾ ಅನ್ನುವುದು ಇನ್ನೊಂದು. ಜನ ಮೊದಲನೆಯದನ್ನು ಕೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ.

ಅವತ್ತು ಕ್ಯೂಟಿ ಆರಿಸಿದವರಲ್ಲಿ ಬಹಳ ಜನ ಕೊಟ್ಟ ಕಾರಣ 'ನೋಕಿಯಾ ಅದರ ಹಿಂದೆ ಇದೆ' ಅಂತ. ಆಯ್ಕೆ ಸರಿ, ಕಾರಣ ತಪ್ಪು. ಇದೇ ಕಾರಣಕ್ಕೆ ನಡೆದವರು ಒಂದು ಹೆಜ್ಜೆ ಮುಂದೆ ಹೋಗಿ ಡಿಯುಐಗೆ ಬಿದ್ದರು, ಯಾಕೆಂದರೆ ನೋಕಿಯಾ ಅದರ ಹಿಂದೆ ಇನ್ನೂ ಜಾಸ್ತಿ ಇತ್ತು!

ನಾನಾಗಿದ್ದರೆ

ಮಾರ್ಚ್‌ನಲ್ಲಿ ಟೂಲ್‌ಕಿಟ್ ಆರಿಸುತ್ತಲೇ ಇರಲಿಲ್ಲ. ಎರಡು ತಿಂಗಳು ಆ ಹನ್ನೆರಡು ಸಾವಿರ ಸಾಲನ್ನು ಎರಡು ಭಾಗ ಮಾಡಲು ಕೂರುತ್ತಿದ್ದೆ. ಒಂದು ಭಾಗಕ್ಕೆ ಪರದೆ ಅನ್ನುವುದು ಇದೆ ಅಂತಲೇ ಗೊತ್ತಿರಬಾರದು.

ಹೇಳುವುದು ಸುಲಭ, ಕೋಡ್ ತೆರೆದರೆ ಗೊತ್ತಾಗುತ್ತದೆ. ಜಿಟಿಕೆ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಚಟ ಇದೆ. ಪಟ್ಟಿ ತೋರಿಸಲು ಅದರ ಸಾಲುಗಳನ್ನು ಇಟ್ಟುಕೊಳ್ಳುವ ಜಿಟಿಕೆ ಲಿಸ್ಟ್ ಸ್ಟೋರ್ ಬೇಕು, ಹೇಗೂ ಇದೆಯಲ್ಲ ಅಂತ ಟಿಪ್ಪಣಿಗಳನ್ನೆಲ್ಲ ಅದರಲ್ಲೇ ಇಡುತ್ತಾರೆ. ಫೈಲಿಗೆ ಬರೆಯುವಾಗ ಅದೇ ಪಟ್ಟಿಯ ಸಾಲು ಸಾಲು ದಾಟುತ್ತಾ ಹೋಗುತ್ತಾರೆ. ಸಿಂಕ್ ಮಾಡುವ ಕೋಡೂ ಅದನ್ನೇ ಮುಟ್ಟುತ್ತದೆ. ಈಗ ಪರದೆಯ ಪಟ್ಟಿಯೇ ನಿಮ್ಮ ಡೇಟಾಬೇಸ್, ಅದನ್ನು ಕಿತ್ತರೆ ಆ್ಯಪ್ ಪೂರ್ತಿ ಕೈಗೆ ಬರುತ್ತದೆ. ಇನ್ನೂ ಚಿಕ್ಕವೂ ಇರುತ್ತವೆ. ಟಿಪ್ಪಣಿಯ ಹಿನ್ನೆಲೆ ಬಣ್ಣವನ್ನು ಜಿಟಿಕೆ ಜೊತೆ ಬರುವ ಜಿಡಿಕೆ ಕಲರ್ ಆಗಿ ಇಟ್ಟಿರುತ್ತೀರಿ, ಅದರಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 65535ರವರೆಗೆ ಅಂಕಿ. ಆ ಅಂಕಿಗಳನ್ನೇ ಸುಮ್ನೆ ಫೈಲಿಗೂ ಬರೆದಿರುತ್ತೀರಿ. ಹೀಗೆ ಒಂದು ಟೂಲ್‌ಕಿಟ್‌ನ ಅಭ್ಯಾಸ ಬಳಸುವವರ ಹಳೆಯ ಫೈಲುಗಳಲ್ಲಿ ಅಚ್ಚಾಗಿ ಕೂತಿದೆ.

ಇದನ್ನೆಲ್ಲ ಬಿಡಿಸಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ ಹಾಕುವುದು, ಸಿಂಕ್ ಕೋಡ್ ಬೇರೆ ಮಾಡುವುದು, ಪರದೆಯ ಕಡೆಗೆ ಬರೀ 'ಟಿಪ್ಪಣಿ ಬದಲಾಯಿತು' ಅಂತ ಹೇಳುವಂತೆ ಮಾಡುವುದು. ಈ ಕೆಲಸ ಯಾವ ಟೂಲ್‌ಕಿಟ್ ಗೆದ್ದರೂ ಬೇಕು. ಯಾವುದೂ ಗೆಲ್ಲದಿದ್ದರೂ ಹಿಲ್ಡನ್ ಆ್ಯಪ್ ಇನ್ನಷ್ಟು ಗಟ್ಟಿಯಾಗುತ್ತದೆ, ನಷ್ಟವೇನೂ ಇಲ್ಲ.

ಆಗ ಬಹಳ ಜನ ಗಮನಿಸದ ಒಂದು ಅನುಕೂಲವೂ ಇತ್ತು. ಒಳಭಾಗವನ್ನು ಕ್ಯೂಟಿಗೆ ಬದಲಿಸಬೇಕಾಗಿಯೇ ಇರಲಿಲ್ಲ. ಜಿಟಿಕೆಯ ಅಡಿಪಾಯ ಜಿಲಿಬ್. ಲಿನಕ್ಸ್‌ನಲ್ಲಿ ಕ್ಯೂಟಿ ತನ್ನ ಈವೆಂಟ್ ಲೂಪನ್ನು (ಮುಟ್ಟಿದ್ದು, ಟೈಮರ್ ಇಂಥದ್ದಕ್ಕೆ ಕಾಯುತ್ತಾ ಸುತ್ತುವ ಕೋಡನ್ನು) ಜಿಲಿಬ್ ಲೂಪ್ ಮೇಲೆಯೇ ಓಡಿಸಬಲ್ಲದು. ಅಂದರೆ ಜಿಲಿಬ್‌ನಲ್ಲಿ ಬರೆದ ಟೈಮರ್, ನೆಟ್‌ವರ್ಕ್ ಕೋಡ್, ಆ್ಯಪ್‌ಗಳ ನಡುವಿನ ಡಿ-ಬಸ್ ಮಾತುಕತೆ ಎಲ್ಲ ಹಾಗೇ ಇರಲಿ, ಮೇಲೆ ಕ್ಯೂಟಿ ಪರದೆ ಕೂರಲಿ, ಎರಡೂ ಒಂದೇ ಲೂಪಿನಲ್ಲಿ ಜಗಳವಿಲ್ಲದೆ ಓಡುತ್ತವೆ. ಮೇಮೊ 5ರಲ್ಲೂ ಹಾರ್ಮಟ್ಟನ್‌ನಲ್ಲೂ ಹಾಡು-ವಿಡಿಯೊಗೆ ಜಿಸ್ಟ್ರೀಮರ್, ಚಾಟ್-ಕರೆಗೆ ಟೆಲಿಪಥಿ, ಹುಡುಕಾಟಕ್ಕೆ ಟ್ರ್ಯಾಕರ್ ಇದ್ದವು, ಅವೆಲ್ಲ ಜಿಲಿಬ್ ಕುಟುಂಬದವೇ. ನೋಕಿಯಾ ಬದಲಿಸುತ್ತಿದ್ದದ್ದು ಮನೆಯ ಮುಂಬಾಗಿಲು, ಅಡುಗೆಮನೆ ಹಳೆಯದೇ. 'ಎಲ್ಲವನ್ನೂ ಸಿ++ನಲ್ಲಿ ಮತ್ತೆ ಬರೆಯಬೇಕು' ಅಂತ ಹೆದರಿ ಆ್ಯಪನ್ನೇ ಕೈಬಿಡುವ ಅಗತ್ಯ ಇರಲಿಲ್ಲ.

ಮೇ ತಿಂಗಳಲ್ಲಿ ಪಿಆರ್ 1.2 ಬಂದಮೇಲೆ ಸಾದಾ ಕ್ಯೂವಿಜೆಟ್‌ನಲ್ಲಿ ಒಂದು ತೆಳು ಪರದೆ. ಡಿಯುಐ ಬೇಡ. ಕ್ಯೂಎಂಎಲ್ ಅಂತೂ 4.7 ಬರುವವರೆಗೆ ಮುಟ್ಟಬೇಡಿ, ಆದರೆ ಕಣ್ಣಿಟ್ಟಿರಿ. ಅಲ್ಲಿಯವರೆಗೆ ಹಿಲ್ಡನ್ ಪರದೆಯೂ ಇರಲಿ, ಬಿಸಾಡಬೇಡಿ. ಎರಡು ಪರದೆ ನೋಡಿಕೊಳ್ಳುವುದು ತಲೆನೋವಲ್ವಾ ಅಂತ ಕೇಳಬಹುದು. ಹೌದು, ತಲೆನೋವೇ. ಆದರೆ ಒಂದೇ ಒಳಭಾಗಕ್ಕೆ ಎರಡು ಪರದೆ ನಿಜವಾಗಿ ಕೂತು ಓಡುವವರೆಗೆ ಭಾಗ ಸರಿಯಾಗಿ ಆಗಿದೆಯಾ ಅಂತ ಗೊತ್ತಾಗುವುದೇ ಇಲ್ಲ.

ನಡೆದದ್ದು

2010ರ ಸೆಪ್ಟೆಂಬರ್‌ನಲ್ಲಿ ಸ್ಟೀಫನ್ ಇಲಾಪ್ ನೋಕಿಯಾದ ಸಿಇಒ ಆದರು. ಅಕ್ಟೋಬರ್‌ನಲ್ಲಿ ನೋಕಿಯಾ ಸಿಂಬಿಯನ್‌ಗೂ ಮೀಗೊಗೂ ಕ್ಯೂಟಿ ಒಂದೇ ದಾರಿ ಅಂದಿತು. ಕೇಳಲು ಒಳ್ಳೆಯ ಸುದ್ದಿ. ಅದೇ ಉಸಿರಿನಲ್ಲಿ ಆರ್ಬಿಟ್ ಹೋಯಿತು. ಮುಂದಿನ ತಿಂಗಳುಗಳಲ್ಲಿ ಹೊರಗಿನ ಡೆವಲಪರ್‌ಗಳಿಗೆ ಡಿಯುಐ ಬೇಡ, ಕ್ಯೂಎಂಎಲ್ ಮತ್ತು ಅದಕ್ಕೆ ಬರುತ್ತಿರುವ ಸಿದ್ಧ ಬಟನ್, ಪಟ್ಟಿಗಳ ಕಟ್ಟು ಕ್ಯೂಟಿ ಕಾಂಪೊನೆಂಟ್ಸ್ ಬಳಸಿ ಅನ್ನುವ ಮಾತು ಶುರುವಾಯಿತು. ಪ್ಲಾಟ್‌ಫಾರ್ಮ್ ಇನ್ನೂ ಸತ್ತಿರಲಿಲ್ಲ, ಅದರ ಅಧಿಕೃತ ಟೂಲ್‌ಕಿಟ್ ಆಗಲೇ ಮೂಲೆ ಸೇರಿತ್ತು.

2011ರ ಫೆಬ್ರವರಿ 11ರಂದು ನೋಕಿಯಾ ಮೈಕ್ರೋಸಾಫ್ಟ್ ಕೈ ಹಿಡಿಯಿತು. ಇನ್ನು ಮುಂದೆ ವಿಂಡೋಸ್ ಫೋನ್, ಅದರಲ್ಲಿ ಕ್ಯೂಟಿಗೆ ಜಾಗ ಇಲ್ಲ. ಮೀಗೊ ಫೋನ್ ಒಂದು ಮಾತ್ರ ಬರುತ್ತದೆ. ವಿಚಿತ್ರ ಅಂದರೆ ಹಿಂದಿನ ದಿನವಷ್ಟೇ ಜಿಟಿಕೆ 3.0 ಬಿಡುಗಡೆಯಾಗಿತ್ತು. ಯಾರನ್ನು ನೋಕಿಯಾ ಬಿಟ್ಟಿತ್ತೋ ಅವರು ಹೊಸ ಆವೃತ್ತಿ ಬಿಟ್ಟ ಮರುದಿನ, ನೋಕಿಯಾ ಆರಿಸಿದವರು ಬೀದಿಗೆ ಬಂದರು.

ಆದರೆ ಬೀದಿಯಲ್ಲಿ ಉಳಿಯಲಿಲ್ಲ. ಮಾರ್ಚ್‌ನಲ್ಲೇ ಫಿನ್‌ಲ್ಯಾಂಡಿನ ಡಿಜಿಯಾ ಕಂಪನಿ ಕ್ಯೂಟಿಯ ವಾಣಿಜ್ಯ ಲೈಸೆನ್ಸ್ ವ್ಯವಹಾರ ಕೊಂಡಿತು, 2012ರಲ್ಲಿ ಉಳಿದದ್ದನ್ನೂ ಕೊಂಡಿತು. 2011ರ ಅಕ್ಟೋಬರ್‌ನಿಂದ ಕ್ಯೂಟಿ ಪ್ರಾಜೆಕ್ಟ್ ಮುಕ್ತ ಆಡಳಿತದಲ್ಲಿ ನಡೆಯತೊಡಗಿತು. 2013ರ ಜನವರಿಯಲ್ಲಿ ಬಂದ ಬ್ಲ್ಯಾಕ್‌ಬೆರಿ 10ರಲ್ಲಿ ಕ್ಯೂಟಿ ಇತ್ತು. ಅದೇ ವರ್ಷದ ಡಿಸೆಂಬರ್‌ನ ಕ್ಯೂಟಿ 5.2ರಲ್ಲಿ ಆಂಡ್ರಾಯ್ಡ್, ಐಒಎಸ್ ಎರಡಕ್ಕೂ ಪೂರ್ತಿ ಬೆಂಬಲ ಬಂತು.

ಮೀಗೊ? ಆ ಒಂದೇ ಫೋನ್ ಎನ್9 2011ರ ಜೂನ್‌ನಲ್ಲಿ ಸಿಂಗಪುರದಲ್ಲಿ ಅನಾವರಣಗೊಂಡಿತು, ಎಷ್ಟೇ ಮಾರಾಟವಾದರೂ ಮೀಗೊಗೆ ಮರಳುವುದಿಲ್ಲ ಅಂತ ಸಿಇಒ ಮೊದಲೇ ಹೇಳಿಬಿಟ್ಟರು. ಸೆಪ್ಟೆಂಬರ್‌ನಲ್ಲಿ ಇಂಟೆಲ್ ಕೂಡ ಮೀಗೊ ಬಿಟ್ಟು ಸ್ಯಾಮ್‌ಸಂಗ್ ಜೊತೆ ಟೈಜೆನ್ ಎಂಬ ಹೊಸ ಓಎಸ್ ಅಂದಿತು, ಅಲ್ಲಿ ಎಚ್‌ಟಿಎಂಎಲ್5.

ಗೆಲ್ಲುವ ಕುದುರೆ ಅಂತ ವಿಂಡೋಸ್ ಫೋನ್ ಕಡೆ ಓಡಿದವರ ಕಥೆಯೂ ಇಷ್ಟೇ. 2012ರಲ್ಲಿ ವಿಂಡೋಸ್ ಫೋನ್ 8 ಬಂದಾಗ ಹಳೆಯ 7ರ ಫೋನ್‌ಗಳಿಗೆ ಅದು ಸಿಗಲಿಲ್ಲ. 2020ರ ಜನವರಿಗೆ ವಿಂಡೋಸ್ 10 ಮೊಬೈಲ್‌ನ ಬೆಂಬಲವೂ ಮುಗಿಯಿತು.

ಇಷ್ಟನ್ನು ಮುಂದಿಟ್ಟುಕೊಂಡು ಯಾವುದು ಸತ್ತಿತು ಅಂತ ಎಣಿಸಿ ನೋಡಿ: ಹಿಲ್ಡನ್, ಡಿಯುಐ, ಆರ್ಬಿಟ್, ಬ್ಲ್ಯಾಕ್‌ಬೆರಿ ಕ್ಯೂಟಿಯ ಮೇಲೆ ಕಟ್ಟಿದ್ದ ಕ್ಯಾಸ್ಕೇಡ್ಸ್. ಎಲ್ಲವೂ ಒಂದು ಫೋನ್ ಕಂಪನಿ ತನ್ನ ಫೋನ್ ಚಂದ ಕಾಣಲಿ ಅಂತ ಮೇಲೆ ಹೊದಿಸಿದ ತೊಗಲು. ಅಡಿಯಲ್ಲಿದ್ದ ಜಿಟಿಕೆ ಬದುಕಿದೆ, ಕ್ಯೂಟಿ ಬದುಕಿದೆ. 2010ರ ಜಗಳವೆಲ್ಲ ಜಿಟಿಕೆಯೋ ಕ್ಯೂಟಿಯೋ ಅಂತ ನಡೆಯಿತು, ನಿಜವಾದ ಗೆರೆ ಇದ್ದದ್ದು ತಳಕ್ಕೂ ತೊಗಲಿಗೂ ನಡುವೆ. ತೊಗಲು ಮುಟ್ಟಲೇಬಾರದು ಅಂತಲ್ಲ, ಅದಿಲ್ಲದೆ ಆ್ಯಪ್ ಆ ಫೋನಿನದ್ದು ಅಂತ ಅನ್ನಿಸುವುದೇ ಇಲ್ಲ. ಎನ್9ರ ಮೇಲೆ ಬರೀ ಕ್ಯೂವಿಜೆಟ್ ಆ್ಯಪ್ ನೋಡಿದವರಿಗೆ ಗೊತ್ತು, ಮದುವೆ ಮನೆಗೆ ಕಚೇರಿ ಬಟ್ಟೆಯಲ್ಲಿ ಬಂದ ಹಾಗಿರುತ್ತಿತ್ತು. ತೊಗಲು ಎಷ್ಟು ತೆಳುವಾಗಿದೆ, ಕಿತ್ತರೆ ಎಷ್ಟು ಮಾಂಸ ಜೊತೆಗೆ ಬರುತ್ತದೆ, ನೋಡಬೇಕಾದದ್ದು ಅದು.

ನಮ್ಮ ಟಿಪ್ಪಣಿ ಆ್ಯಪಿಗೆ ಮರಳೋಣ. ಹಿಲ್ಡನ್‌ನಲ್ಲೇ ಉಳಿದಿದ್ದರೆ ಎನ್900 ಬಿಡದವರ ಜೊತೆ ಇನ್ನೂ ಕೆಲವು ವರ್ಷ ಬದುಕುತ್ತಿತ್ತು. ನೋಕಿಯಾ ನಿಲ್ಲಿಸಿದ ಮೇಲೆ ಸಮುದಾಯವೇ ಆ ಫೋನಿಗೆ ಅಪ್‌ಡೇಟ್ ಕೊಡುತ್ತಾ ಹೋಯಿತು, ಆದ್ದರಿಂದ ಇದು ಅಷ್ಟೇನೂ ಕೆಟ್ಟ ಸಾವಲ್ಲ. ಡಿಯುಐಗೆ ಹೋಗಿದ್ದರೆ ಎನ್9 ಒಂದರಲ್ಲೇ ಓಡಿ ಅಲ್ಲೇ ನಿಲ್ಲುತ್ತಿತ್ತು. ಒಳಭಾಗ ಬೇರೆ ಮಾಡಿ, ಕ್ಯೂವಿಜೆಟ್ ದಾಟಿ, 2011ರಲ್ಲಿ ಎನ್9ಗೆ ಕ್ಯೂಎಂಎಲ್ ಪರದೆ ಬರೆದಿದ್ದರೆ? ನೋಕಿಯಾ ಬಿಟ್ಟು ಬಂದವರು ಕಟ್ಟಿದ ಯೋಲಾ ಕಂಪನಿ 2013ರ ಕೊನೆಯಲ್ಲಿ ಸೈಲ್‌ಫಿಶ್ ಎಂಬ ಓಎಸ್ ಇರುವ ಫೋನ್ ತಂದಾಗ ಅದರ ಆ್ಯಪ್‌ಗಳೂ ಕ್ಯೂಎಂಎಲ್‌ನಲ್ಲೇ ಇದ್ದವು. ಪ್ರತಿ ಫೈಲಿನ ತಲೆಯಲ್ಲಿ ಕಾಮ್.ನೋಕಿಯಾ.ಮೀಗೊ ಅಂತ ಇದ್ದ ಇಂಪೋರ್ಟ್ ಸಾಲು ತೆಗೆದು ಸೈಲ್‌ಫಿಶ್.ಸಿಲಿಕಾ ಅಂತ ಹಾಕಬೇಕು, ಕ್ಯೂಎಂಎಲ್‌ನ ಮೂಲ ಕಟ್ಟು ಕ್ಯೂಟಿ ಕ್ವಿಕ್ 1.1 ಇದ್ದದ್ದನ್ನು 2.0 ಮಾಡಬೇಕು, ಟೂಲ್‌ಬಾರ್‌ಗಳನ್ನೆಲ್ಲ ಎಳೆಯುವ ಮೆನುವಾಗಿ ಬದಲಿಸಬೇಕು. ಪುಟದ ಮೇಲೆ ಪುಟ ಕೂರಿಸುವ ಪೇಜ್‌ಸ್ಟ್ಯಾಕ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕೆಲವು ವಾರಾಂತ್ಯದ ಕೆಲಸ. ಒಳಭಾಗದಲ್ಲಿ ಮುಟ್ಟುವುದಕ್ಕೆ ಏನೂ ಇಲ್ಲ, ಹಳೆಯ ಎನ್900 ಫೈಲುಗಳನ್ನು ಓದುವಾಗ ಬಣ್ಣದ ಅಂಕಿಯನ್ನು 257ರಿಂದ ಭಾಗಿಸಿ 255ರೊಳಗೆ ತರುವ ಒಂದು ಸಾಲು ಮಾತ್ರ ಇನ್ನೂ ಅಲ್ಲೇ ಕೂತಿರುತ್ತದೆ.